ಬೊಲೆಟ್ಟೆಯ ಮಾತು ಕೇಳಿದ ಸಮುದ್ರ

ನೂಗಾಸಿಕ್, ಪಶ್ಚಿಮ ಗ್ರೀನ್‌ಲ್ಯಾಂಡ್
ಸೆಪ್ಟೆಂಬರ್ ೩, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯೆ? ಕೋಪನ್‌ಹೇಗನ್ನಿನ ತೇವದ ಗಾಳಿಗೆ ನಿನ್ನ ಕೆಮ್ಮು ಮತ್ತೆ ಕೆರಳಿಲ್ಲ ತಾನೆ? ಹೊಟ್ಟೆಗೆ ಏನು ತಿನ್ನುತ್ತಿದ್ದೀಯೆ? ಹಂದಿಮಾಂಸ ತಿಂದೂ ತಿಂದೂ ಮುಖ ಬಿಳಿಚಿಕೊಂಡಿದೆ ಎಂದು ನಿನ್ನ ಫೋಟೋ ನೋಡಿ ನನ್ನವಳು ಸೆಸಿಲಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಒಣಮೀನಿನ ಕಟ್ಟೊಂದು ಕಳಿಸಿದ್ದೇವೆ, ಜೊತೆಗೆ ಒಂದು ಡಬ್ಬಿ ಮತ್ತಾಕ್ ಇದೆ. ತಿಮಿಂಗಿಲದ ಆ ತೊಗಲನ್ನು ಚೆನ್ನಾಗಿ ಅಗಿದು ತಿನ್ನು, ಪಕ್ಕದ ಕೋಣೆಯವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ನನ್ನ ಮಂಡಿ ಎರಡೂ ಕೈಕೊಟ್ಟಿವೆ, ಗಂಟಲು ಕೈಕೊಟ್ಟಿಲ್ಲ. ಕ್ರಿಸ್‌ಮಸ್ ನಾಟಕದಲ್ಲಿ ಹೆರೋದ್ ರಾಜನಾಗಿ ನಾನು ಒಮ್ಮೆ ಗರ್ಜಿಸಿದರೆ ಸಭಾಭವನದ ಕಿಟಕಿಗಾಜು ಇವತ್ತಿಗೂ ನಡುಗುತ್ತದೆ, ಹೊರಗೆ ಕಟ್ಟಿದ ನಾಯಿಗಳು ಊಳಿಡುತ್ತವೆ. ಈ ಪತ್ರವನ್ನೂ ಆ ಗಂಟಲಿನಲ್ಲೇ ಓದಿಕೋ. ಮೆತ್ತಗೆ ಓದಿದರೆ ನನ್ನ ಹೊಟ್ಟೆಯೊಳಗಿನ ಹೇಸಿಗೆ ನಿನಗೆ ಅರ್ಥವಾಗುವುದಿಲ್ಲ.

ಅಮ್ಮಾ ಎಂದೇ ಬರೆಯುತ್ತಿದ್ದೇನೆ. ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ, ಗಂಟಿಕ್ಕಿಕೋ! ಹೋದ ತಿಂಗಳ ಪತ್ರದಲ್ಲಿ ಏನು ಬರೆದಿದ್ದೆ? “ಇನ್ಮೇಲೆ ನನ್ನನ್ನ ಬೊಲೆಟ್ಟೆ ಅಂತ ಕರೀಬೇಡಿ. ಇಂಗರ್ ಅನ್ನಿ. ಆ ಹಳೇ ಹೆಸರು ಹೊತ್ಕೊಂಡು ನಾನು ಊರಿಗೆ ಕಾಲಿಡಲ್ಲ.” ಇಂಗರ್! ಥೂ! ಇದೂ ಒಂದು ಹೆಸರೆ? ತಟ್ಟೆಯ ಮೇಲೆ ಚಮಚ ಬಿದ್ದ ಸದ್ದು! ಹೆರಿಗೆ ಮಾಡಿಸಿದ ಡೇನಿಷ್ ನರ್ಸಮ್ಮನ ಸಂತೋಷಕ್ಕೆಂದು ಬಾಲದ ಹಾಗೆ ಹಿಂದೆ ಅಂಟಿಸಿದ ಹೆಸರು ಅದು. ನಿನ್ನ ನಿಜವಾದ ಹೆಸರು ಎಲ್ಲಿಂದ ಬಂತು, ನೆನಪಿಸಬೇಕೆ? ನೆನಪಿಸುತ್ತೇನೆ! ನನ್ನನ್ನು ಹೆತ್ತ ಬೊಲೆಟ್ಟೆಯ ಮೇಲೆ ಕಲ್ಲು ಪೇರಿಸಿ ಸಮಾಧಿ ಮಾಡಿದ ಚಳಿಗಾಲದಲ್ಲೇ ನನ್ನ ಸೊಸೆಯ ಹೊಟ್ಟೆಯಿಂದ ನೀನು ಬಂದೆ. ಹೆಸರು ಬಂತು, ಹೆಸರಿನ ಜೊತೆ ಅವಳೂ ಬಂದಳು. ನಮ್ಮಲ್ಲಿ ಎಲ್ಲ ಮನೆಯಲ್ಲೂ ಹಾಗೆ ತಾನೆ? ಮೀಸೆ ನರೆತ ನಾನು ತೊಟ್ಟಿಲ ಮುಂದೆ ನಿಂತು “ಬಂದ್ಯಾ ಅಮ್ಮಾ?” ಎಂದು ಕೇಳಿದೆ. ಮಾತು ಬಂದ ವರ್ಷವೇ ನೀನು “ಏ ಮಗಾ, ಟೋಪಿ ಹಾಕ್ಕೊಂಡು ಹೋಗು” ಎಂದು ನನ್ನನ್ನು ಗದರಿದವಳು. ನಿನ್ನ ಅಜ್ಜಿ ಸೆಸಿಲಿ ಇಂದಿಗೂ ಗೊಣಗುತ್ತಾಳೆ: “ಅತ್ತೆ ಹೋದ್ರು ಅಂತ ನಾಕು ದಿನ ಉಸಿರು ಬಿಟ್ಟಿದ್ದೆ, ತೊಡೆ ಮೇಲೇ ಬಂದು ಕೂತ್ಕೊಂಡ್ರು!”

ಆ ಹೆಸರು ನಿನಗೆ ಯಾಕೆ ಬೇಡವಾಯಿತೆಂದು ನನಗೆ ಗೊತ್ತು. ನನ್ನ ತಾಯಿ ಬೊಲೆಟ್ಟೆ ಬಾಯಿ ತೆರೆದರೆ ಬುರುಡೆ. ಚರ್ಮದ ದೋಣಿಯಲ್ಲಿ ಹೋಗುವಾಗ ತಿಮಿಂಗಿಲದ ಬೆನ್ನನ್ನು ದ್ವೀಪವೆಂದುಕೊಂಡು ಇಳಿದು ಒಲೆ ಹೂಡಿ ಕಾಫಿ ಕಾಯಿಸಿದಳಂತೆ. ತಿಮಿಂಗಿಲ ಬಿಸಿ ತಡೆಯಲಾರದೆ ಅವಳನ್ನು ಮನೆ ಬಾಗಿಲಿಗೇ ತಂದು ಬಿಟ್ಟಿತಂತೆ. ಹಿಮಬಂಡೆಯೊಂದು ಅವಳ ಹಾಡಿಗೆ ತಲೆಬಾಗಿ ಮಗುಚಿಕೊಂಡಿತಂತೆ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು, ಸೀಲ್ ಸೂಪಿನ ಪಾತ್ರೆ ಖಾಲಿಯಾಗುತ್ತಿತ್ತು. ಇವತ್ತಿಗೂ ಯಾರಾದರೂ ಸುಳ್ಳು ಹೊಡೆದರೆ “ಇದು ಬೊಲೆಟ್ಟೆ ಹಿಡಿದ ಮೀನು” ಎನ್ನುತ್ತಾರೆ. ಆ ಹೆಸರನ್ನು ಹೊತ್ತವಳು ನೀನು, ಭೂಮಿಯನ್ನು ಅಳೆಯುವ ವಿದ್ಯೆ ಕಲಿತು ಬಂದು, ಈ ಜನರ ಮುಂದೆ ನಿಂತು ನಿಜ ಹೇಳಿದೆ. ಅಯ್ಯೋ ಆ ದಿನವೇ!

ಈಗ ದಡದ ಸುದ್ದಿ ಕೇಳು, ಊಟ ಮಾಡುತ್ತಿದ್ದರೆ ತಟ್ಟೆ ಪಕ್ಕಕ್ಕಿಡು. ಸಮುದ್ರ ಇಳಿದಿದೆ. ನನ್ನ ಮದುವೆಯ ಕಾಲದಲ್ಲಿ ಇಳಿತದಲ್ಲೂ ನೀರೊಳಗಿರುತ್ತಿದ್ದ ಚಿಪ್ಪುಮೀನಿನ ಬಂಡೆಗಳು ಈಗ ಮಂಡಿಯೆತ್ತರಕ್ಕೆ ಮೇಲೆದ್ದು ನಿಂತಿವೆ. ಅವುಗಳ ಮೇಲಿನ ಚಿಪ್ಪುಗಳೆಲ್ಲ ಬಾಯಿ ಬಿಟ್ಟು ಸತ್ತು, ಪಾಚಿ ಕೊಳೆತು, ಗಾಳಿ ಈ ಕಡೆ ತಿರುಗಿದರೆ ಚರ್ಚಿನಲ್ಲಿ ಪಾದ್ರಿ ಕೂಡ ಪ್ರಾರ್ಥನೆಯನ್ನು ಅರ್ಧಕ್ಕೆ ಮೊಟಕು ಮಾಡುತ್ತಾನೆ. ಅದಾದರೂ ದೇವರು ಮಾಡಿದ ನಾತ. ನಾವು ಮಾಡಿದ್ದೇನು ಗೊತ್ತೆ? ಅಪ್ಪ, ಅಜ್ಜನ ಕಾಲದಿಂದ ಬೇಡವಾದದ್ದನ್ನೆಲ್ಲ ಎತ್ತಿ ಸಮುದ್ರಕ್ಕೆ ಎಸೆದೆವಲ್ಲ, ಮಹಾತಾಯಿ ಸಮುದ್ರ ಅದನ್ನೆಲ್ಲ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಈಗ ಮಡಿಲು ಬಿಚ್ಚಿ ತೋರಿಸುತ್ತಿದ್ದಾಳೆ! ತುಕ್ಕು ಹಿಡಿದ ದೋಣಿ ಎಂಜಿನ್‌ಗಳು, ಹಾಸಿಗೆಯ ಸ್ಪ್ರಿಂಗುಗಳು, ಸತ್ತ ನಾಯಿಗಳ ಬುರುಡೆಗಳು, ಪಕ್ಕದಲ್ಲೇ ಪಾಯಿಖಾನೆಯ ಬಕೆಟ್ಟಿನ ಹಳದಿ ಚೀಲಗಳು, ಒಂದಲ್ಲ ಎರಡಲ್ಲ, ಒಂದು ಸೈನ್ಯ! ಕಾಗೆಗಳು ಅವುಗಳನ್ನು ಹರಿದು ಹಬ್ಬ ಮಾಡುತ್ತಿವೆ. ಅಂಗಡಿಯ ಗೆರ್ತ್ ತನ್ನ ಕಟ್ಟೆಯ ಮೇಲೆ ಕುಳಿತು, ಇದೆಲ್ಲವನ್ನೂ ನೋಡುತ್ತಾ ಬಿಸ್ಕತ್ತು ಅದ್ದಿಕೊಂಡು ಕಾಫಿ ಕುಡಿಯುತ್ತಾನೆ. ಅವನ ಕರುಳು ಕಬ್ಬಿಣದ್ದಿರಬೇಕು.

ನಾಲ್ಕು ವರ್ಷದ ಹಿಂದೆ ನೀನು ಇದನ್ನೇ ಹೇಳಿದ್ದೆ. ಹೊಸ ಹಡಗುಕಟ್ಟೆ ಎಲ್ಲಿ ಕಟ್ಟಬೇಕೆಂದು ಸಭೆ ಕರೆದಿದ್ದರು. ಚರ್ಚಿನ ಹಿಂದಿನ ಬಂಡೆಗೆ ನೀನು ಕೊರೆದು ಕೂರಿಸಿದ ಅಳತೆಯ ಉಪಕರಣ ಬೇಸಿಗೆಯೆಲ್ಲ ಆಕಾಶ ನೋಡುತ್ತಾ ನಿಂತಿತ್ತು. ಅಧ್ಯಕ್ಷನ ಕುರ್ಚಿಯಲ್ಲಿ ನನ್ನ ತಮ್ಮ, ಅಂದರೆ ನಿನ್ನ ಕಿರಿಮಗ ಪಾವಿಯಾ. ಎದ್ದು ನಿಂತು ಏನೆಂದು ಪರಿಚಯ ಮಾಡಿದ ಆ ಮಹಾನುಭಾವ? “ಈಗ ನಮ್ಮಮ್ಮ ಮಾತಾಡ್ತಾಳೆ. ಬಾಗಿಲು ಹಾಕ್ಕೊಳ್ರಪ್ಪ, ತಿಮಿಂಗಿಲ ಒಳಗೆ ಬಂದಾವು!” ಸಭೆ ಗೊಳ್ಳೆಂದಿತು. ನೀನೂ ಮೊದಲು ನಕ್ಕೆ. ಆಮೇಲೆ ಹೇಳತೊಡಗಿದೆ. ನಮ್ಮ ಬೆನ್ನ ಹಿಂದಿನ ಹಿಮ ಸುಮ್ಮನೆ ಬಿದ್ದುಕೊಂಡಿಲ್ಲ, ಅದರ ಭಾರಕ್ಕೆ ಒಂದು ಸೆಳೆತವಿದೆ, ಆ ಸೆಳೆತದಿಂದಲೇ ಅದು ಸಮುದ್ರವನ್ನು ತನ್ನ ಕಡೆಗೆ ಎಳೆದು ನಮ್ಮ ದಡಕ್ಕೆ ಏರಿಸಿ ನಿಲ್ಲಿಸಿದೆ ಎಂದೆ. ಹಿಮ ಕರಗಿದಷ್ಟೂ ಹಿಡಿತ ಸಡಿಲ. ನೀರು ನಮ್ಮನ್ನು ಬಿಟ್ಟು ಲೋಕದ ಆ ತುದಿಯ ಊರುಗಳ ಕಡೆ ಜಾರುತ್ತದೆ. ಮೇಲಿನ ಹೊರೆ ಇಳಿದ ನೆಲವೋ, ಮಲಗಿದ್ದವರು ಎದ್ದ ಮೇಲೆ ಹಾಸಿಗೆ ಉಬ್ಬುವ ಹಾಗೆ ಮೇಲೇಳುತ್ತದೆ. ಲೋಕಕ್ಕೆಲ್ಲ ಸಮುದ್ರ ಏರಿದರೆ ನಮಗೆ ಇಳಿಯುತ್ತದೆ, ಅದಕ್ಕೇ ಅಂಗಡಿ ಮುಂದಿನ ಆಳವಿಲ್ಲದ ಕೊಲ್ಲಿ ಬೇಡ, ಆಚೆ ಕಾಗೆಬಂಡೆಯ ಆಳದ ಮಗ್ಗುಲಲ್ಲಿ ಕಟ್ಟಿ ಎಂದೆ.

ಗೆರ್ತ್ ಎದ್ದ. “ಹಂಗಾದ್ರೆ ಐಸು ಸಮುದ್ರದ ಜುಟ್ಟು ಹಿಡ್ಕೊಂಡಿದ್ಯಾ ಬೊಲೆಟ್ಟಕ್ಕಾ?” ನೀನು ಹೌದು ಎಂದೆ, ಒಂದರ ಹಿಂದೊಂದು ಓಡುವ ಎರಡು ಉಪಗ್ರಹಗಳು ಆ ಸೆಳೆತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಮೇಲಿನಿಂದಲೇ ಕಂಡುಹಿಡಿದು ಹಿಮದ ತೂಕ ಹೇಳುತ್ತವೆ ಎಂದೆ. “ತೂಕಾನೂ ಹಾಕ್ತಾರಂತೆ! ತಕ್ಕಡಿ ಎಲ್ಲಿ ನೇತಾಕಿದಾರೆ ಅಮ್ಮಾ, ಚಂದ್ರನಿಗಾ?” ಇದು ಪಾವಿಯಾ. ಆಗಲೂ ನೀನು ಸಿಟ್ಟಾಗಲಿಲ್ಲ. ಶಾಲೆಯ ತಿರುಗುವ ಕುರ್ಚಿ ತರಿಸಿದೆ, ಎರಡು ಕೈಯಲ್ಲೂ ಹೆಪ್ಪುಗಟ್ಟಿ ಕಲ್ಲಿನಂತಾದ ಹಾಲಿಬಟ್ ಮೀನು ಹಿಡಿದು ಕುಳಿತೆ, ನನಗೆ ತಿರುಗಿಸಲು ಹೇಳಿದೆ. ಮೀನು ಎದೆಗವಚಿಕೊಂಡಾಗ ಬುಗುರಿ. ಕೈ ಚಾಚಿದಾಗ ನಿಧಾನ. ಭೂಮಿಯೂ ಹೀಗೆಯೇ, ನೆತ್ತಿಯ ಹತ್ತಿರ ಗಟ್ಟಿಯಾಗಿ ಕೂತ ಹಿಮ ನೀರಾಗಿ ಭೂಮಿಯ ಸೊಂಟದ ಕಡೆಗೆ ಹರಿದರೆ ಅದೂ ಕೈ ಚಾಚಿದ ಹಾಗೆ, ತಿರುಗುವುದು ಕೂದಲೆಳೆಯಷ್ಟು ನಿಧಾನವಾಗುತ್ತದೆ, ದಿನ ಕೂದಲೆಳೆಯಷ್ಟು ಉದ್ದವಾಗುತ್ತದೆ, ಭೂಮಿ ತಿರುಗುವ ಅಚ್ಚೇ ಒಂಚೂರು ಜರುಗುತ್ತದೆ ಎಂದೆ. ಅಮ್ಮಾ, ನನ್ನ ಮೈ ಜುಮ್ಮೆಂದಿತು! ನಮ್ಮ ಹಿತ್ತಲಿನ ಹಿಮ ಇಡೀ ಭೂಮಿಯ ಕುಣಿತದ ಲಯ ಹಿಡಿದಿದೆ ಎಂದರೆ ಯಾವ ರಾಜನ ಪಾತ್ರಕ್ಕೆ ಅಂಥ ಮಾತು ಸಿಕ್ಕೀತು? ಆದರೆ ಆ ಗುಂಪಿಗೆ ಕಂಡದ್ದು ಮೀನು ತಬ್ಬಿಕೊಂಡು ಗಿರಗಿರನೆ ಸುತ್ತುವ ಮುದುಕಿ ಬೊಲೆಟ್ಟೆ. ಹೆಂಗಸರು ಕಣ್ಣೀರು ಬರುವಂತೆ ನಕ್ಕರು. “ಸತ್ರೂ ಬಿಡ್ಲಿಲ್ಲ ನೋಡ್ರೇ, ಅದೇ ಬೊಲೆಟ್ಟೆ, ಅದೇ ಮೀನು!” “ದಿನ ಉದ್ದ ಆದ್ರೆ ಅಂಗಡಿ ಎಷ್ಟೊತ್ಗೆ ಮುಚ್ಲಿ ಅಕ್ಕಾ?” ನಾನು ಮೇಜು ಗುದ್ದಿ ಕೂಗಿದೆ. ಹೆರೋದ್ ಬಂದ ಎಂದು ಇನ್ನಷ್ಟು ನಕ್ಕರು. ಬೇರೆ ಯಾವ ಹೆಸರಿನ ಹುಡುಗಿ ಹೇಳಿದ್ದರೂ ಒಂದು ಗಳಿಗೆ ಯೋಚಿಸುತ್ತಿದ್ದರೇನೋ. ಕೈ ಎತ್ತಿದರು, ಅಂಗಡಿ ಮುಂದೆಯೇ ಕಟ್ಟೆ ಎಂದು ತೀರ್ಮಾನಿಸಿದರು. ಯಾಕೆ? ಕಾಫಿ ಕುಡಿಯುವ ಜಾಗದಿಂದ ಏಳದೆ ಹಡಗು ನೋಡಬೇಕಲ್ಲ ದೊರೆಗಳಿಗೆ! ನೀನು ಮೀನನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದೆ. ಆಮೇಲೆ ಬರಲೇ ಇಲ್ಲ.

ಕಟ್ಟೆ ಎದ್ದಿತು. ಬಣ್ಣದ ಕಾಗದ ಕಟ್ಟಿ, ಭಾಷಣ ಮಾಡಿ, ಕೇಕ್ ಕತ್ತರಿಸಿದರು. ಮೊದಲ ಎರಡು ಬೇಸಿಗೆ ಹಡಗು ಉಬ್ಬರ ನೋಡಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಬಂದು ಹೋಯಿತು. ಹೋದ ವರ್ಷವೇ ಕ್ಯಾಪ್ಟನ್ ತಲೆ ಕೆರೆದುಕೊಂಡಿದ್ದ. ಈ ಆಗಸ್ಟಿನಲ್ಲಿ ಚಳಿಗಾಲದ ಸಾಮಾನೆಲ್ಲ ಹೇರಿಕೊಂಡು ಬಂದ ಹಡಗು ಕಟ್ಟೆಗೆ ಇನ್ನೇನು ತಾಗಬೇಕು, ತಳ ಬಂಡೆಗೆ ಉಜ್ಜಿತು. ಆ ಸದ್ದು ಹೇಗೆ ಬರೆಯಲಿ? ಭೂಮಿಯೇ ಹಲ್ಲು ಕಡಿದ ಹಾಗೆ! ಮಕ್ಕಳು ಕಿವಿ ಮುಚ್ಚಿಕೊಂಡರು. ಕ್ಯಾಪ್ಟನ್ ಮೇಲಿನಿಂದ ಡೇನಿಷಿನಲ್ಲಿ ಬೈದ ಬೈಗುಳವನ್ನು ನಿನ್ನ ಎದುರು ಬರೆಯಲಾರೆ, ನೀನು ನನ್ನ ತಾಯಿ. ಹಿಟ್ಟು, ಸೀಮೆಎಣ್ಣೆ, ಬಲೆ, ಯಾವುದನ್ನೂ ಇಳಿಸದೆ ಹಿಂದಕ್ಕೆ ಹೊರಟು ದೂರದಲ್ಲಿ ಲಂಗರು ಹಾಕಿದ. ನಾವು ಚಿಕ್ಕ ದೋಣಿಗಳಲ್ಲಿ ವಾರಗಟ್ಟಲೆ ಸಾಗಿಸಿದೆವು. ಅರ್ಧ ಹಿಟ್ಟು ಒದ್ದೆಯಾಯಿತು, ಸಕ್ಕರೆ ಕರಗಿತು. ಮೀನಿನ ಕಾರ್ಖಾನೆಯ ಮಾಲು ಹಡಗೇರಲಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಹಳಸಿ, ದಡದ ನಾತಕ್ಕೆ ಜೊತೆಗಾರ ಸಿಕ್ಕಂತಾಯಿತು.

ಇಷ್ಟಾದ ಮೇಲಾದರೂ ಇವರು ತಲೆ ತಗ್ಗಿಸಿದರೆ? ಕೇಳು ನಾಟಕದ ಮುಂದಿನ ಅಂಕ! ಹೋದ ಗುರುವಾರ ಪಾವಿಯಾನ ಮನೆಯಲ್ಲಿ ಅವನ ಹುಟ್ಟುಹಬ್ಬದ ಕಾಫಿಕೂಟ. ಇಡೀ ಊರು ಸರದಿಯ ಮೇಲೆ ಬಂದು ಕೇಕ್ ನುಂಗುತ್ತಿತ್ತು. ಕೇಕಿಗೂ ಆ ದಡದ ವಾಸನೆ ಹತ್ತಿತ್ತು. ನಾನು ಕೇಳಿದೆ, ಇಡೀ ಮನೆಗೆ ಕೇಳುವ ಹಾಗೆ: “ಏನ್ರಪ್ಪಾ, ಈಗ ಯಾರ ಮೀನು ಇದು?” ಆಮೇಲೆ ಗೆರ್ತ್, ಬಾಯಿತುಂಬ ಕೆನೆ ಮೆತ್ತಿಕೊಂಡು: “ಅದ್ಸರಿ ಎನೋಕಣ್ಣಾ, ನಿಮ್ಮಮ್ಮ ಹೋಗು ಅಂದ್ಳು, ಸಮುದ್ರ ಹೋಯ್ತು. ಈಗ ಒಂದ್ ಕಾಗದ ಹಾಕಿ, ಬಾ ಅಂತ ಹೇಳ್ಬಿಡ್ಲಿ!” ಮತ್ತೆ ಅದೇ ನಗು! ಪಾವಿಯಾನೂ ಸೇರಿಕೊಂಡ: “ಹೂಂ, ಅಮ್ಮನ ಮಾತು ಕೇಳೋ ಸಮುದ್ರ, ನಮ್ಮ ಮಾತು ಕೇಳುತ್ತಾ?” ಅಮ್ಮಾ, ಇವರ್ಯಾರೂ ದಡ್ಡರಲ್ಲ. ತಪ್ಪು ಮಾಡಿದ್ದೇವೆಂದು ಪ್ರತಿಯೊಬ್ಬರಿಗೂ ಗೊತ್ತು. ತಪ್ಪು ಎಂಬ ಆ ಮಾತು ಬಾಯಿಂದ ಹೊರಡುವುದಿಲ್ಲ, ಅದಕ್ಕೆ ನಗುತ್ತಾರೆ. ಕೊಳೆತದ್ದರ ಮೇಲೆ ಕೆನೆ ಬಳಿದು ಹಂಚಿಕೊಂಡು ತಿನ್ನುತ್ತಾರೆ. ನನಗೆ ನಿಜವಾಗಿ ವಾಕರಿಕೆ ಬಂದದ್ದು ದಡದಲ್ಲಲ್ಲ, ಆ ಮನೆಯಲ್ಲಿ.

ಇನ್ನೂ ಇದೆ. ಅಕ್ಟೋಬರ್ ಎರಡನೆಯ ವಾರ ಸರ್ಕಾರದ ಅಧಿಕಾರಿ ಬರುತ್ತಾಳೆ. ಒಂದೇ ಸಭೆ, ಒಂದೇ ಪ್ರಶ್ನೆ. ನೂಗಾಸಿಕ್‌ಗೆ ಇನ್ನೊಂದು ಕಟ್ಟೆ ಕೊಡುವುದೋ, ಅಥವಾ ಹಡಗು ಬರದ ಊರು ಯಾಕೆ ಎಂದು ಕಾರ್ಖಾನೆ ಮುಚ್ಚಿ ನಮ್ಮನ್ನೆಲ್ಲ ಪಟ್ಟಣದ ಮೂರು ಅಂತಸ್ತಿನ ಪೆಟ್ಟಿಗೆಗಳಿಗೆ ತುಂಬುವುದೋ. ಮತ್ತೆ ಕೊಟ್ಟರೆ ಮತ್ತೆ ಹಾಳಾಗುವುದಿಲ್ಲ ಎಂದು ತೋರಿಸಬೇಕು; ಇನ್ನು ಐವತ್ತು ವರ್ಷಕ್ಕೆ ನೀರು ಎಲ್ಲಿಗೆ ಇಳಿಯುತ್ತದೆ, ನೆಲ ಎಲ್ಲಿಗೆ ಏಳುತ್ತದೆ ಎಂದು ಲೆಕ್ಕ ಇಡಬೇಕು. ಪಾವಿಯಾ ತಯಾರಿ ಮಾಡಿಕೊಂಡಿರುವ ಉತ್ತರವೇನು ಗೊತ್ತೆ? ಕೊಲ್ಲಿಯ ತಳವನ್ನು ಸಿಡಿಮದ್ದಿಟ್ಟು ಒಂಚೂರು ಕೆರೆಯುವುದು, ಕಟ್ಟೆಯನ್ನು ಒಂದಾಳು ಎತ್ತರಿಸುವುದು! ಯಾಕೆ ಎತ್ತರಿಸುವುದು? “ಟೀವೀಲಿ ತೋರಿಸ್ತಾನೇ ಇದಾರಲ್ಲಣ್ಣ, ಲೋಕದಲ್ಲೆಲ್ಲ ಸಮುದ್ರ ಏರ್ತಾ ಇದೆ. ನಮಗೂ ಒಂದಿನ ಏರೇ ಏರುತ್ತೆ.” ಒಣಗಿ ನಿಂತ ಕಟ್ಟೆಯ ಬುಡದಲ್ಲಿ ನಿಂತು ಹೇಳಿದ ಈ ಮಾತನ್ನು! ಅವನ ಬೂಟಿನ ಕೆಳಗೆ ಸತ್ತ ಚಿಪ್ಪುಗಳು ಕರಕರ ಎನ್ನುತ್ತಿದ್ದವು. ಅಧಿಕಾರಿ ಆ ಉತ್ತರ ಕೇಳಿದ ದಿನವೇ ನಮ್ಮ ಊರಿನ ಪರದೆ ಬಿತ್ತೆಂದು ತಿಳಿದುಕೋ.

ನಿನ್ನ ಉಪಕರಣ ಇನ್ನೂ ಅಲ್ಲೇ ಇದೆ; ನಾನು ಚಳಿಗಾಲದಲ್ಲಿ ಅದರ ಮೇಲಿನ ಮಂಜು ಗುಡಿಸುತ್ತೇನೆ, ನಾಯಿ ಕಾಲೆತ್ತದಂತೆ ಸುತ್ತ ಕಲ್ಲು ಇಟ್ಟಿದ್ದೇನೆ. ಆದರೆ ಅದು ಹೇಳುವುದನ್ನು ಓದುವವಳು ನೀನೊಬ್ಬಳೇ. ಕೋಪನ್‌ಹೇಗನ್ನಿನಲ್ಲಿ ಕುಳಿತು ಇಡೀ ಭೂಮಿಯ ಕಷ್ಟಸುಖ ಅಳೆಯುವವಳಿಗೆ ಒಂದು ವಾರ ನಮ್ಮ ಕೊಲ್ಲಿಯನ್ನು ಅಳೆಯಲು ಪುರುಸೊತ್ತಿಲ್ಲವೆ? ಹೆಸರು ಬಿಡುತ್ತೇನೆ ಎಂದು ಮಾತ್ರ ಹಟ ಹಿಡಿಯಬೇಡ. ನನ್ನ ತಾಯಿಯ ಶವಪೆಟ್ಟಿಗೆಗೆ ಮೊಳೆ ಹೊಡೆದಾಗ ಕೇಳಿದ ಸದ್ದನ್ನು ನಾನು ಮರೆತದ್ದೇ ನಿನ್ನ ಅಳು ಕೇಳಿದ ಮೇಲೆ. ಎಪ್ಪತ್ತು ದಾಟಿದವನಿಗೆ ಟೋಪಿ ಹಾಕಿಕೋ ಎಂದು ಗದರಲು ಲೋಕದಲ್ಲಿ ಇನ್ಯಾರಿದ್ದಾರೆ ಹೇಳು. ಅವರು ನಕ್ಕರೆಂದು ನೀನು ನನ್ನ ತಾಯಿಯನ್ನು ಕಿತ್ತುಕೊಂಡು ಹೋಗುವುದು ಯಾವ ನ್ಯಾಯ? ಬೊಲೆಟ್ಟೆಯಾಗಿಯೇ ಬಾ, ಅದೇ ಹೆಸರಿನಿಂದ ಅವರ ಮುಖಕ್ಕೆ ಹೊಡೆ!

ಸೆಸಿಲಿ ನಿನಗೆ ಉಣ್ಣೆಯ ಕೈಗವಸು ಹೆಣೆಯುತ್ತಿದ್ದಾಳೆ, ಎಡಗೈಯದು ಮುಗಿದಿದೆ. ನಾಯಿಗಳು ಚೆನ್ನಾಗಿವೆ. ನಿನ್ನ ಎದೆ ಬೆಚ್ಚಗಿರಲಿ, ನೀನು ಕಾಲಿಟ್ಟಲ್ಲಿ ಮಂಜುಗಡ್ಡೆ ಗಟ್ಟಿಯಾಗಿರಲಿ, ನಿನ್ನ ಲೆಕ್ಕ ಯಾವತ್ತೂ ತಪ್ಪದಿರಲಿ.

ನಿನ್ನ ದೊಡ್ಡ ಮಗ,
ಎನೋಕ್

ಮರೆತ ಮಾತು: ಅಂಚೆ ದೋಣಿ ಕೂಗುತ್ತಿದೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಲಕೋಟೆ ಅಂಟಿಸುವಷ್ಟರಲ್ಲಿ ಸೆಸಿಲಿ ಪತ್ರ ಕಿತ್ತುಕೊಂಡು ಓದಿದಳು. ಓದಿ, ಕನ್ನಡಕ ತೆಗೆದು ಹೇಳಿದಳು: “ನಿಮಗೆ ಅಮ್ಮ ಬೇಕು. ಊರಿಗೆ ಅಳತೆ ಗೊತ್ತಿರೋಳು ಬೇಕು. ಅವಳು ನಿಮ್ಮಮ್ಮ ಆಗಿ ಬಂದ್ರೆ ಮತ್ತೆ ನಗ್ತಾರೆ, ಅಧಿಕಾರಿ ಮುಂದೇನೇ ನಗ್ತಾರೆ. ಯಾವ್ದು ಬೇಕು ಬೇಗ ಹೇಳಿ, ದೋಣಿ ಕಾಯಲ್ಲ.” ಪಕ್ಕದಲ್ಲೇ ಇರುವ ಪಾವಿಯಾನ ಮನೆಗೆ ಹೋದೆ. ಸಭೆಯಲ್ಲಿ ಮಾತಾಡುವವರ ಪಟ್ಟಿಯಲ್ಲಿ ಮೊದಲು ಇಂಗರ್ ಎಂದು ಹಾಕು, ಭೂಮಿ ಅಳೆಯುವವಳು ಎಂದು ಮಾತ್ರ ಪರಿಚಯ ಮಾಡು, ಆ ಭವನದಲ್ಲಿ ಯಾರಾದರೂ ಅವಳನ್ನು ಅಮ್ಮ ಎಂದರೆ, ಅದು ನಾನೇ ಆದರೂ ಸರಿ, ಹೊರಗೆ ಹಾಕು ಎಂದೆ. “ಹಂಗಾದ್ರೆ ನಮ್ಮಮ್ಮ, ಅಣ್ಣಾ?” ಎಂದು ಪಾವಿಯಾ ಕೇಳಿದ. ಅಮ್ಮ ಸತ್ತು ಎಷ್ಟೋ ವರ್ಷ ಆಯ್ತು ಕಣೋ ಎಂದೆ. ಅವನು ನಗಲಿಲ್ಲ. ಲಕೋಟೆಯ ಮೇಲೂ ನೀನು ಹೇಳಿದ ಹಾಗೆಯೇ ಬರೆದಿದ್ದೇನೆ. ಬಾ, ಇಂಗರ್.

ನಿನ್ನ ಅಜ್ಜ